ಹಾಳಾದ ಮನೆಯ ಮಾರಾಟ: ಮೌನದ ಹೊಣೆ ಯಾರದು

ಹಾಳಾದ ಮನೆಯನ್ನು ದುರಸ್ತಿ ಮಾಡಿಸದೆ, ಇದ್ದ ಹಾಗೆಯೇ, ಪೂರ್ತಿ ಹಣವನ್ನು ಒಂದೇ ಗಂಟಿನಲ್ಲಿ ಕೊಡುವವರಿಗೆ ಮಾರುವುದು ಅಮೆರಿಕದಲ್ಲಿ ಚೆನ್ನಾಗಿ ಬೇರೂರಿದ ವ್ಯವಹಾರ. ಅಲ್ಲಿ ಹೆಚ್ಚಿನವರು ಮನೆ ಕೊಳ್ಳುವುದು ಬ್ಯಾಂಕಿನ ಸಾಲದಿಂದ. ಸಾಲ ಕೊಡುವ ಬ್ಯಾಂಕು ಮನೆಯನ್ನೇ ಅಡಮಾನ ಇಟ್ಟುಕೊಳ್ಳುವುದರಿಂದ, ತಳಪಾಯ ಕುಸಿದ, ಚಾವಣಿ ಸೋರುವ, ನೆರೆನೀರು ನುಗ್ಗಿ ಗೋಡೆಗಳೆಲ್ಲ ಬೂಷ್ಟು ಹಿಡಿದ ಮನೆಯ ಮೇಲೆ ಸಾಲ ಹುಟ್ಟುವುದು ಕಷ್ಟ. ರಿಪೇರಿಗೆ ಹಣವಿಲ್ಲದ, ಕಂತು ಕಟ್ಟಲಾಗದ, ಅಥವಾ ತಂದೆತಾಯಿ ತೀರಿಕೊಂಡ ಮೇಲೆ ದೂರದೂರಿನ ಮನೆಯೊಂದು ಪಾಲಿಗೆ ಬಂದ ಮಾಲೀಕರಿಗೆ ಆಗ ಉಳಿಯುವ ದಾರಿ ನಗದು ಖರೀದಿದಾರ. ಆತ ಸಾಲದ ಮಂಜೂರಾತಿಗೆ ಕಾಯುವುದಿಲ್ಲ. ಒಂದೆರಡು ವಾರಗಳಲ್ಲಿ ಕ್ರಯ ಮುಗಿಸುತ್ತಾನೆ. ಬದಲಿಗೆ ಬೆಲೆ ತಗ್ಗಿಸುತ್ತಾನೆ.

ಎಷ್ಟು ತಗ್ಗಿಸುತ್ತಾನೆ ಎಂಬುದಕ್ಕೆ ಆ ಕಸುಬಿನವರಲ್ಲಿ ಒಂದು ಒರಟು ಲೆಕ್ಕವಿದೆ. ದುರಸ್ತಿಯಾದ ಮೇಲೆ ಮನೆಗೆ ಬರಬಹುದಾದ ಬೆಲೆಯಲ್ಲಿ ಶೇಕಡ 70ನ್ನು ತೆಗೆದುಕೊಂಡು, ಅದರಿಂದ ದುರಸ್ತಿಯ ಖರ್ಚನ್ನು ಕಳೆಯುವುದು. ಸರಿಪಡಿಸಿದರೆ 3,00,000 ಡಾಲರ್ ಬಾಳುವ ಮನೆಗೆ 60,000 ಡಾಲರ್ ಕೆಲಸವಿದ್ದರೆ, ಮಾಲೀಕನ ಮುಂದೆ ಬರುವ ಮೊತ್ತ 1,50,000. ಕಾಗದದ ಮೇಲೆ ಇದು ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯಾಪಾರ. ಮಾರುವವ ಯಾವ ಭರವಸೆಯನ್ನೂ ಕೊಡುವುದಿಲ್ಲ, ಕೊಳ್ಳುವವ ಯಾವ ದುರಸ್ತಿಯನ್ನೂ ಕೇಳುವುದಿಲ್ಲ. ಧರ್ಮದ ಪ್ರಶ್ನೆ ಏಳುವುದು ಇದರ ನಂತರ. ಅಡುಗೆಮನೆಯ ನೆಲದಡಿಯ ತೊಲೆಯನ್ನು ಗೆದ್ದಲು ತಿಂದಿದೆ ಎಂದು ಮಾಲೀಕನಿಗೆ ಗೊತ್ತಿದೆ, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ, ‘ಇದ್ದ ಹಾಗೆಯೇ’ ಎಂಬ ಷರತ್ತು ಮಾಲೀಕನ ಮೌನವನ್ನೂ ಮನ್ನಿಸುತ್ತದೆಯೇ? ಬೆಲೆ ಇಳಿಸಿದವನು ಬಾಯಿ ಮುಚ್ಚಿಕೊಂಡಿರುವ ಹಕ್ಕನ್ನೂ ಗಳಿಸಿಕೊಳ್ಳುತ್ತಾನೆಯೇ?

ಪ್ರಶ್ನೆ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಚಿಂತಕ ಸಿಸೆರೊ ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ಮನೆ ಬರುತ್ತದೆ. ಹೊರಗಿನಿಂದ ಆರೋಗ್ಯಕರವಾಗಿ ಕಾಣುವ, ನಿಜದಲ್ಲಿ ವಾಸಕ್ಕೆ ಯೋಗ್ಯವಲ್ಲದ ಮನೆ. ಮಲಗುವ ಕೋಣೆಗಳಲ್ಲೆಲ್ಲ ಹರಿದಾಡುವ ಹುಳಹುಪ್ಪಟೆ. ಕೆಟ್ಟ ಮರದಿಂದ ಕಟ್ಟಿ ಬೀಳುವಂತಾಗಿರುವ ಗೋಡೆಮಾಡು. ಇದು ಯಜಮಾನನೊಬ್ಬನಿಗೆ ಬಿಟ್ಟು ಇನ್ನಾರಿಗೂ ತಿಳಿಯದು. ಹೇಳದೆ ಮಾರಿ, ತಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬೆಲೆ ಪಡೆದರೆ ಅವನು ಮಾಡಿದ್ದು ಅನ್ಯಾಯವೇ? ಸಿಸೆರೊ ಈ ಪ್ರಶ್ನೆಯ ಮೇಲೆ ಸ್ಟೋಯಿಕ್ ಪಂಥದ ಇಬ್ಬರು ಹಿರಿಯರನ್ನು ವಾದಕ್ಕೆ ನಿಲ್ಲಿಸುತ್ತಾನೆ: ಬ್ಯಾಬಿಲೋನಿನ ಡಯೋಜಿನಿಸ್ ಮತ್ತು ಅವನ ಶಿಷ್ಯ ಟಾರ್ಸಸ್‌ನ ಆಂಟಿಪೇಟರ್. ಗುರುಶಿಷ್ಯರು ಎದುರುಬದುರಾಗಿರುವುದರಿಂದಲೇ ವಾದಕ್ಕೆ ಬಿಗಿ ಬಂದಿದೆ. ಒಂದೇ ನೆಲೆಯಿಂದ ಹೊರಟವರು ಎರಡು ಕಡೆ ಮುಟ್ಟಿದ್ದಾರೆ.

ಡಯೋಜಿನಿಸನ ನಿಲುವು ಇಂದಿನ ವ್ಯಾಪಾರಿಯ ಬಾಯಲ್ಲೂ ಹೊಂದುತ್ತದೆ. ಸುಳ್ಳು ಹೇಳುವುದು ತಪ್ಪು, ಕಾನೂನು ಹೇಳು ಎಂದದ್ದನ್ನು ಹೇಳದಿರುವುದೂ ತಪ್ಪು. ಅದರಾಚೆ, ತನ್ನ ಸರಕನ್ನು ಮೋಸವಿಲ್ಲದೆ ಒಳ್ಳೆಯ ಬೆಲೆಗೆ ಮಾರುವ ಸ್ವಾತಂತ್ರ್ಯ ಮಾಲೀಕನಿಗೆ ಇದ್ದೇ ಇದೆ. ಯಾರೂ ಕೊಳ್ಳುವವನ ಕುತ್ತಿಗೆ ಹಿಡಿದು ಕೊಳ್ಳಿಸಿಲ್ಲ. ಚೆನ್ನಾಗಿ ಕಟ್ಟಿದ ಒಳ್ಳೆಯ ಮನೆ ಎಂದು ಫಲಕ ಹಾಕಿ ಅಂಥದ್ದಲ್ಲದ ಮನೆಯನ್ನು ಮಾರಿದವರನ್ನೇ ಲೋಕ ವಂಚಕರೆನ್ನುವುದಿಲ್ಲ. ಹೊಗಳದೆ ಸುಮ್ಮನಿದ್ದವನನ್ನು ಏಕೆ ದೂರಬೇಕು? ಕೊಳ್ಳುವವನಿಗೂ ಕಣ್ಣಿದೆ, ವಿವೇಕವಿದೆ. ಕೊನೆಗೆ ಡಯೋಜಿನಿಸ್ ಆಡುವ ಮಾತು ಚುರುಕಾದದ್ದು. ಮಾಲೀಕನ ಅಪ್ಪಣೆಯಂತೆ ಡಂಗುರದವನು ಬೀದಿಯಲ್ಲಿ ನಿಂತು, ರೋಗ ತರುವ ಮನೆ ಮಾರಾಟಕ್ಕಿದೆ ಎಂದು ಸಾರಿದರೆ ಅದಕ್ಕಿಂತ ನಗೆಪಾಟಲು ಇನ್ನೇನಿದೆ?

ಆಂಟಿಪೇಟರನ ಉತ್ತರ ನಗೆಗೆ ಸೊಪ್ಪು ಹಾಕುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದನ್ನು ಅಥೆನ್ಸಿನಲ್ಲಿ ಸಾರ್ವಜನಿಕ ಶಾಪಕ್ಕೆ ಗುರಿಯಾದ ಪಾಪವೆಂದು ಎಣಿಸುತ್ತಿದ್ದರು. ಇಲ್ಲಿ ನಡೆದಿರುವುದು ಅದಕ್ಕಿಂತ ಹೀನ. ದಾರಿ ತೋರದವನು ಸುಮ್ಮನಿದ್ದ ಅಷ್ಟೆ. ಈ ಮಾಲೀಕನೋ, ಇನ್ನೊಬ್ಬನು ಹಳ್ಳಕ್ಕೆ ಬೀಳುವುದನ್ನು ತಿಳಿದೂ ತಿಳಿದೂ ಅದರಿಂದ ಲಾಭ ಮಾಡಿಕೊಂಡ. ಸಿಸೆರೊ ಆಂಟಿಪೇಟರನ ಕಡೆಗೇ ತೀರ್ಪು ಕೊಡುತ್ತಾನೆ. ಹೇಳದೆ ಇದ್ದದ್ದೆಲ್ಲ ಮುಚ್ಚಿಟ್ಟಂತೆ ಅಲ್ಲ ಎಂಬುದನ್ನು ಅವನು ಒಪ್ಪುತ್ತಾನೆ. ಆದರೆ ತನಗೆ ಗೊತ್ತಿರುವ, ಎದುರಿನವನಿಗೆ ಗೊತ್ತಾಗಬೇಕಾದ ಸಂಗತಿ ಅವನಿಗೆ ಗೊತ್ತಾಗದೇ ಇರಲಿ ಎಂದು ತನ್ನ ಲಾಭಕ್ಕಾಗಿ ಬಯಸಿದರೆ, ಆ ಬಯಕೆಯಲ್ಲೇ ಮೌನ ಮುಚ್ಚಿಡುವಿಕೆಯಾಗಿ ಮಾರ್ಪಡುತ್ತದೆ. ಗೆರೆಯನ್ನು ಆತ ಎಳೆದದ್ದು ನಾಲಗೆಯ ಮೇಲಲ್ಲ, ಮನಸ್ಸಿನಲ್ಲಿ. ಎರಡು ಸಾವಿರ ವರ್ಷಗಳಲ್ಲಿ ಈ ವಿಷಯದಲ್ಲಿ ಬಂದ ಮಾತುಗಳಲ್ಲಿ ಇದಕ್ಕಿಂತ ಖಚಿತವಾದದ್ದು ಕಡಿಮೆ.

ತತ್ತ್ವಕ್ಕೆ ಬೆಂಬಲವಾಗಿ ಸಿಸೆರೊ ಒಂದು ವ್ಯಾಜ್ಯವನ್ನೂ ಕೊಡುತ್ತಾನೆ. ರೋಮಿನ ಕೋಟೆದಿಬ್ಬದ ಮೇಲೆ ನಿಂತು ಹಕ್ಕಿಗಳ ಹಾರಾಟದಿಂದ ಶಕುನ ನೋಡುತ್ತಿದ್ದ ಪುರೋಹಿತರಿಗೆ, ಸೀಲಿಯನ್ ಗುಡ್ಡದ ಮೇಲಿದ್ದ ಟೈಬೀರಿಯಸ್ ಕ್ಲಾಡಿಯಸ್ ಸೆಂಟುಮಾಲಸ್ ಎಂಬವನ ಎತ್ತರದ ಮನೆ ಅಡ್ಡಿಯಾಯಿತು. ಅಡ್ಡಿಯಾಗುವ ಭಾಗವನ್ನು ಕೆಡವಬೇಕೆಂದು ಅಪ್ಪಣೆಯಾಯಿತು. ಕ್ಲಾಡಿಯಸ್ ಕೆಡವಲಿಲ್ಲ, ಮಾರಿದ. ಕೊಂಡ ಕ್ಯಾಲ್ಪರ್ನಿಯಸ್ ಲನೇರಿಯಸನಿಗೆ ಅದೇ ಅಪ್ಪಣೆ ಬಂದಾಗ ಅವನು ಕೆಡವಿದ. ಆಮೇಲೆ ಗೊತ್ತಾಯಿತು, ಮನೆಯನ್ನು ಮಾರಾಟಕ್ಕಿಟ್ಟದ್ದೇ ಅಪ್ಪಣೆ ಕೈಸೇರಿದ ನಂತರ ಎಂದು. ಸದ್ಭಾವದಿಂದ ಸಲ್ಲಬೇಕಾದದ್ದು ಸಲ್ಲಲಿ ಎಂದು ಅವನು ಮಧ್ಯಸ್ಥಿಕೆಗೆ ಹೋದ. ಮಧ್ಯಸ್ಥನಾಗಿದ್ದ ಮಾರ್ಕಸ್ ಕೇಟೊ, ಮಾರುವವನಿಗೆ ವಿಷಯ ತಿಳಿದಿತ್ತು, ಆತ ಹೇಳಲಿಲ್ಲ, ಆದ್ದರಿಂದ ನಷ್ಟ ತುಂಬಿಕೊಡಬೇಕು ಎಂದು ತೀರ್ಪಿತ್ತ. ಈ ಮನೆಯ ದೋಷ ಗೋಡೆಯಲ್ಲಿರಲಿಲ್ಲ, ಕಾಗದದಲ್ಲಿತ್ತು ಎಂಬುದು ಗಮನಿಸತಕ್ಕದ್ದು. ನಕ್ಷೆ ಮೀರಿ ಕಟ್ಟಿದ ಮಹಡಿಗೆ ಪಾಲಿಕೆಯ ನೋಟಿಸು ಬಂದ ವಾರವೇ ಗಿರಾಕಿ ಹುಡುಕುವವರ ಕಥೆ ಬೆಂಗಳೂರಿನವರಿಗೆ ಹೊಸದಲ್ಲ.

ಕೊಳ್ಳುವವನಿಗೆ ಮೊದಲೇ ಗೊತ್ತಿದ್ದರೆ? ಇದಕ್ಕೂ ಸಿಸೆರೊ ಬಳಿ ಪ್ರಕರಣವಿದೆ. ಮಾರಿಯಸ್ ಗ್ರಾಟಿಡಿಯಾನಸ್ ಎಂಬವನು ತಾನು ಕೆಲವು ವರ್ಷಗಳ ಹಿಂದೆ ಸರ್ಜಿಯಸ್ ಒರಾಟನಿಂದ ಕೊಂಡಿದ್ದ ಮನೆಯನ್ನು ಒರಾಟನಿಗೇ ತಿರುಗಿ ಮಾರಿದ. ಮನೆಯ ಮೇಲೆ ಇನ್ನೊಬ್ಬರ ಹಕ್ಕಿನ ಭಾರವೊಂದಿತ್ತು. ಅದನ್ನು ಪತ್ರದಲ್ಲಿ ಕಾಣಿಸಲಿಲ್ಲ. ಆ ಭಾರ ಹೊತ್ತ ಮನೆಯನ್ನೇ ತಾನು ಹಿಂದೆ ಮಾರಿದ್ದ ಒರಾಟ ಈಗ ನ್ಯಾಯಾಲಯ ಹತ್ತಿದ. ಒಬ್ಬ ವಕೀಲ ಕಾನೂನಿನ ಅಕ್ಷರವನ್ನು ಹಿಡಿದ. ಇನ್ನೊಬ್ಬ, ಗೊತ್ತಿದ್ದವನಿಗೆ ಹೇಳಬೇಕಾದದ್ದೇನು ಎಂದು ನ್ಯಾಯವನ್ನು ಹಿಡಿದ. ಹೇಳುವ ಹೊಣೆ ಹುಟ್ಟುವುದು ಇಬ್ಬರ ತಿಳಿವಳಿಕೆಯ ನಡುವಿನ ಅಂತರದಿಂದ ಎಂಬ ಮಾತು ಇಲ್ಲಿ ಸ್ಪಷ್ಟವಾಗುತ್ತದೆ. ಅಂತರವಿಲ್ಲದ ಕಡೆ ಹೊಣೆಯೂ ಇಲ್ಲ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ತನ್ನ ಮಹಾಗ್ರಂಥ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ಕ್ರಯವಿಕ್ರಯದ ಪಾಪಗಳಿಗೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟ. ಅದರ ಮೂರನೆಯ ಕಂಡಿಕೆಯ ವಿಷಯವೇ ಮಾರುವವನು ದೋಷ ಹೇಳಬೇಕೇ ಎಂಬುದು. ಕುಂಟು ಕುದುರೆಯನ್ನು ಓಟದ ಕುದುರೆಯೆಂದೋ, ಬೀಳುವ ಮನೆಯನ್ನು ಗಟ್ಟಿಮನೆಯೆಂದೋ, ಕೆಟ್ಟ ಅನ್ನವನ್ನು ಒಳ್ಳೆಯದೆಂದೋ ಮಾರುವುದು ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ಒಡ್ಡುತ್ತದೆ; ಆದ್ದರಿಂದ ದೋಷ ಗುಪ್ತವಾಗಿದ್ದರೆ ಹೇಳಲೇಬೇಕು, ಇಲ್ಲದಿದ್ದರೆ ವ್ಯಾಪಾರವೇ ಅಧರ್ಮ. ಇಲ್ಲಿಯವರೆಗೆ ಸಿಸೆರೊನ ಮಾತೇ. ಆದರೆ ಅಕ್ವಿನಾಸ್ ಒಂದು ವಿನಾಯಿತಿಯನ್ನು ಸೇರಿಸುತ್ತಾನೆ, ಇಂದಿನ ನಗದು ಮಾರಾಟ ನಿಂತಿರುವುದೇ ಅದರ ಮೇಲೆ. ದೋಷ ಕಣ್ಣಿಗೆ ಕಾಣುವಂತಿದ್ದು, ಕುದುರೆಗೆ ಒಂದೇ ಕಣ್ಣಿರುವ ಹಾಗೆ, ಮಾರುವವನು ಅದಕ್ಕೆ ತಕ್ಕಷ್ಟು ಬೆಲೆಯನ್ನೂ ಇಳಿಸಿದ್ದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಿದರೆ ಕೊಳ್ಳುವವನು ಇಳಿಸಬೇಕಾದ್ದಕ್ಕಿಂತ ಹೆಚ್ಚು ಇಳಿಸಲು ಹಟ ಹಿಡಿಯಬಹುದು. ತನ್ನ ನಷ್ಟ ತಪ್ಪಿಸಿಕೊಳ್ಳುವ ಹಕ್ಕು ಮಾರುವವನಿಗೂ ಇದೆ.

ಇಲ್ಲಿ ಎರಡು ಷರತ್ತುಗಳೂ ಜೊತೆಯಲ್ಲೇ ಇರಬೇಕು: ದೋಷ ಕಾಣಬೇಕು, ಬೆಲೆ ಆ ದೋಷಕ್ಕಾಗಿ ಇಳಿದಿರಬೇಕು. ಚಾವಣಿಯ ತೂತು ಕಾಣುತ್ತದೆ, ಅದಕ್ಕಾಗಿ 20,000 ಡಾಲರ್ ಕಡಿಮೆಯಾಯಿತು ಎನ್ನಿ. ತೊಲೆಯೊಳಗಿನ ಗೆದ್ದಲಿಗೆ ಆ ಇಳಿಕೆ ಸಲ್ಲುವುದಿಲ್ಲ. ಒಟ್ಟಾರೆ ಅಗ್ಗಕ್ಕೆ ಕೊಟ್ಟೆನಲ್ಲ ಎಂಬ ಸಮಾಧಾನ ಮಾರುವವರಿಗೆ ಸುಲಭವಾಗಿ ಬರುತ್ತದೆ. ಅಕ್ವಿನಾಸನ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ, ಏಕೆಂದರೆ ಕೊಳ್ಳುವವನು ಬೆಲೆ ಕಟ್ಟಿದ್ದು ತಾನು ಕಂಡದ್ದಕ್ಕೆ.

ಡಂಗುರದ ನಗೆಗೂ ಅಕ್ವಿನಾಸ್ ಉತ್ತರ ಕೊಟ್ಟಿದ್ದಾನೆ, ಬಹಳ ವ್ಯವಹಾರಜ್ಞಾನದ ಉತ್ತರ. ದೋಷವನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ. ಹಾಗೆ ಸಾರಿದರೆ ವಸ್ತುವಿನ ಒಳ್ಳೆಯ ಗುಣಗಳನ್ನು ಕೇಳುವ ಮೊದಲೇ ಜನ ಹೆದರಿ ಹಿಂದೆ ಸರಿಯುತ್ತಾರೆ. ಕೊಳ್ಳಲು ಬಂದವನಿಗೆ ಪ್ರತ್ಯೇಕವಾಗಿ ಹೇಳಿದರೆ ಸಾಕು; ಅವನು ಗುಣದೋಷ ಎರಡನ್ನೂ ತೂಗಿ ನೋಡಲಿ. ಜಾಹೀರಾತಿಗೂ ಕ್ರಯದ ಮಾತುಕತೆಗೂ ಬೇರೆ ಬೇರೆ ಧರ್ಮವಿದೆ ಎಂಬ ಈ ಸೂಕ್ಷ್ಮವನ್ನು ಡಯೋಜಿನಿಸ್ ಕಾಣಲಿಲ್ಲ, ಅಥವಾ ಕಂಡೂ ಬಿಟ್ಟ.

ಇಸ್ಲಾಮಿನ ಸಂಪ್ರದಾಯದಲ್ಲಿ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬರುತ್ತದೆ, ಏಕೆಂದರೆ ‘ಇದ್ದ ಹಾಗೆಯೇ’ ಎಂಬ ಷರತ್ತನ್ನೇ ಅಲ್ಲಿನ ಶಾಸ್ತ್ರಜ್ಞರು ಚರ್ಚಿಸಿದ್ದಾರೆ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತಂತೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದದ್ದನ್ನು ಜನ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಆಡಿದರೆಂದು ಹದೀಸು ಹೇಳುತ್ತದೆ. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ, ಕೇಳಿದ ಕೂಡಲೇ ನಿಜ ಒಪ್ಪಿದ ಕೂಡ. ರಾಶಿ ಹಾಕಿದ ರೀತಿಯೇ ಸುಳ್ಳಾಡಿತ್ತು. ತೇವ ಹಿಡಿದ ಗೋಡೆಗೆ ಮಾರುವ ಮುಂಚೆ ಸುಣ್ಣಬಣ್ಣ ಬಳಿಸುವವರು ಕೂಡ ಬಾಯಿಂದ ಏನೂ ಹೇಳುವುದಿಲ್ಲ.

ಕೊಂಡ ಮೇಲೆ ಹಳೆಯ ದೋಷ ಹೊರಬಿದ್ದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಇಸ್ಲಾಮೀ ನ್ಯಾಯ ಕೊಡುತ್ತದೆ. ಎಲ್ಲ ದೋಷಗಳ ಹೊಣೆಯಿಂದಲೂ ನಾನು ಮುಕ್ತ ಎಂಬ ಷರತ್ತಿನೊಡನೆ ಮಾರಿದರೆ ಆ ಹಕ್ಕು ಅಳಿಯುತ್ತದೆಯೇ? ಹನಫಿ ಪಂಥದವರು ಷರತ್ತನ್ನು ಒಪ್ಪಿದರು. ಬೇರೆಯವರು ಅದಕ್ಕೆ ಮಿತಿ ಹಾಕಿದರು. ಇಮಾಮ್ ಮಾಲಿಕರ ‘ಮುವತ್ತಾ’ ಗ್ರಂಥದಲ್ಲಿ ಉಳಿದು ಬಂದಿರುವ ಪ್ರಕರಣವೊಂದು ಈ ಚರ್ಚೆಯ ಗಂಟನ್ನೇ ಬಿಡಿಸಿ ತೋರಿಸುತ್ತದೆ. ಪ್ರವಾದಿಯವರ ಸಂಗಾತಿ ಅಬ್ದುಲ್ಲಾ ಇಬ್ನ್ ಉಮರ್ ಅವರು ಒಬ್ಬ ಗುಲಾಮನನ್ನು ಇಂಥ ಷರತ್ತಿನ ಮೇಲೆ 800 ದಿರ್ಹಮಿಗೆ ಮಾರಿದರು. (ಮನುಷ್ಯನನ್ನೇ ಸರಕಿನಂತೆ ಮಾರುತ್ತಿದ್ದ ಕಾಲ ಅದು, ದೋಷದ ಕಾನೂನು ರೋಮಿನಲ್ಲೂ ಅರಬರಲ್ಲೂ ಬಹುಮಟ್ಟಿಗೆ ಬೆಳೆದದ್ದು ಆ ಸಂತೆಯಲ್ಲೇ ಎಂಬುದು ಈ ಶಾಸ್ತ್ರದ ಮೇಲಿನ ಅಳಿಸಲಾಗದ ಕಲೆ.) ಗುಲಾಮನಿಗೆ ಕಾಯಿಲೆಯಿದೆ, ಅದನ್ನು ಹೇಳಲಿಲ್ಲ ಎಂದು ಕೊಂಡವನು ಖಲೀಫ ಉಸ್ಮಾನರ ಬಳಿ ದೂರಿತ್ತ. ಷರತ್ತಿನ ಮೇಲೆಯೇ ಮಾರಿದೆ ಎಂದು ಇಬ್ನ್ ಉಮರ್ ಹೇಳಿದರು. ಖಲೀಫರು ಷರತ್ತನ್ನು ತಳ್ಳಿಹಾಕಲಿಲ್ಲ, ಎತ್ತಿಹಿಡಿಯಲೂ ಇಲ್ಲ. ಮಾರುವಾಗ ನಿಮಗೆ ತಿಳಿದಂತೆ ಕಾಯಿಲೆ ಇರಲಿಲ್ಲವೆಂದು ಪ್ರಮಾಣ ಮಾಡಿ ಎಂದರು. ಇಬ್ನ್ ಉಮರ್ ಪ್ರಮಾಣ ಮಾಡಲು ಒಪ್ಪದೆ ಗುಲಾಮನನ್ನು ಹಿಂದಕ್ಕೆ ತೆಗೆದುಕೊಂಡರು. ಅವನು ಅವರಲ್ಲಿ ಗುಣಮುಖನಾದ. ಮುಂದೆ 1,500 ದಿರ್ಹಮಿಗೆ ಮಾರಾಟವಾದ.

ಆ ಒಂದು ಪ್ರಮಾಣದ ಬೇಡಿಕೆಯಲ್ಲಿ ಷರತ್ತು ಎರಡು ಹೋಳಾಯಿತು. ಇಬ್ಬರಿಗೂ ಗೊತ್ತಿಲ್ಲದ ದೋಷದ ಅಪಾಯವನ್ನು ಕೊಳ್ಳುವವನ ತಲೆಗೆ ಕಟ್ಟುವುದು ನ್ಯಾಯವೇ. ಹಳೆಯ ಮನೆಯ ಗೋಡೆಯೊಳಗೆ ಏನಿದೆಯೋ ಯಾರಿಗೆ ಗೊತ್ತು, ಅದಕ್ಕೇ ಬೆಲೆ ಕಡಿಮೆ. ಒಬ್ಬನಿಗೆ ಮಾತ್ರ ಗೊತ್ತಿರುವುದನ್ನು ಅದೇ ಚೀಲದಲ್ಲಿ ತುಂಬಿ ದಾಟಿಸಲಾಗದು. ‘ಇದ್ದ ಹಾಗೆಯೇ’ ಎಂಬುದು ದುರಸ್ತಿಯ ಹೊಣೆಯನ್ನು ವರ್ಗಾಯಿಸುತ್ತದೆ, ತಿಳಿವಳಿಕೆಯ ಹೊಣೆಯನ್ನಲ್ಲ.

ಭಾರತೀಯ ಶಾಸ್ತ್ರಗಳು ಈ ವಿಷಯವನ್ನು ಮನಸ್ಸಿನ ಪ್ರಶ್ನೆಯಾಗಿ ಅಷ್ಟಾಗಿ ನೋಡಲಿಲ್ಲ, ವ್ಯವಸ್ಥೆಯ ಪ್ರಶ್ನೆಯಾಗಿ ನೋಡಿದವು. ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಡುವುದು ಧರ್ಮಶಾಸ್ತ್ರದ ವ್ಯವಹಾರಪದಗಳಲ್ಲಿ ಒಂದು. ಮನು ಅದಕ್ಕೆ ಹತ್ತು ದಿನಗಳ ಅವಕಾಶ ಕೊಡುತ್ತಾನೆ. ಯಾಜ್ಞವಲ್ಕ್ಯಸ್ಮೃತಿ ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಅವಧಿಯನ್ನು ಬೇರೆ ಮಾಡುತ್ತದೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರೆ ಎಳೆಯುವ ಎತ್ತಿಗೆ ಐದು, ರತ್ನಕ್ಕೆ ಏಳು, ಕರೆಯುವ ಹಸುವಿಗೆ ಮೂರು. ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಎಂಬ ರೈತಾಪಿ ವಿವೇಕ ಇದರಲ್ಲಿದೆ. ದೋಷವಿರುವುದನ್ನು ದೋಷವಿಲ್ಲದ್ದೆಂಬಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನು ಅದೇ ಸ್ಮೃತಿ ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಇದ್ದವನು. ಆಸ್ತಿ ಹಂಚಿಕೆಯ ವಿಷಯದಲ್ಲಿ ಅವನ ಮಾತು ಬ್ರಿಟಿಷರ ನ್ಯಾಯಾಲಯಗಳವರೆಗೂ ನಡೆಯಿತು.

ಮನೆಯ ಮಾರಾಟಕ್ಕೇ ನಿಯಮ ಹೇಳಿದವನು ಕೌಟಿಲ್ಯ. ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಪ್ರಕಾರ ಮನೆಯನ್ನು ಕೊಳ್ಳುವ ಮೊದಲ ಅವಕಾಶ ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ, ಹೊರಗಿನವರಿಗೆ ಕೊನೆಗೆ. ಮಾರಾಟವನ್ನು ಆ ಮನೆಯ ಮುಂದೆಯೇ, ಸುತ್ತಮುತ್ತಲ ನಲವತ್ತು ಕುಲಗಳವರ ಎದುರಿನಲ್ಲಿ ಸಾರಬೇಕು. ಇದರ ಉದ್ದೇಶ ಗಡಿತಂಟೆ, ಹಕ್ಕಿನ ತಕರಾರು ತಪ್ಪಿಸುವುದೇ ಇರಬಹುದು. ಆದರೂ ಫಲ ಒಂದೇ. ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಹಿತ್ತಿಲ ಗೋಡೆ ಕಳೆದ ಮಳೆಗಾಲದಲ್ಲಿ ಕುಸಿದು ಎದ್ದದ್ದು ಎಂಬುದೆಲ್ಲ ನೆರೆಹೊರೆಗೆ ಗೊತ್ತಿರುತ್ತದೆ. ಡಯೋಜಿನಿಸ್ ನಕ್ಕ ಡಂಗುರವನ್ನು ಕೌಟಿಲ್ಯ ಕಾಯಿದೆಯನ್ನೇ ಮಾಡಿದ. ಮಾಲೀಕನ ಪ್ರಾಮಾಣಿಕತೆಯನ್ನು ನಂಬಿ ಕೂರದೆ, ಅವನು ಸುಮ್ಮನಿದ್ದರೂ ಸುದ್ದಿ ಹೊರಬೀಳುವಂತೆ ಏರ್ಪಾಡು ಮಾಡಿದ. ಮನುಷ್ಯಸ್ವಭಾವದ ಬಗ್ಗೆ ಹೆಚ್ಚಿನ ಭ್ರಮೆಯಿಲ್ಲದವನ ದಾರಿ ಇದು.

ಆಧುನಿಕ ಕಾನೂನು ಬಹುಕಾಲ ಡಯೋಜಿನಿಸನ ಬೆನ್ನಿಗೆ ನಿಂತಿತ್ತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಇಂಗ್ಲಿಷ್ ನ್ಯಾಯಪದ್ಧತಿಯ ಹಳೆಯ ಸೂತ್ರ. 1942ರಲ್ಲಿ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯದ ಮುಂದೆ ಗೆದ್ದಲಿನ ಮೊಕದ್ದಮೆಯೊಂದು ಬಂತು. ಉಳಿತಾಯ ಬ್ಯಾಂಕೊಂದು ತನ್ನ ವಶದಲ್ಲಿದ್ದ ಮನೆಯನ್ನು ಗೆದ್ದಲು ಹಿಡಿದದ್ದು ತಿಳಿದೂ ಹೇಳದೆ ಮಾರಿತೆಂಬುದು ದೂರು. ನಿಜವೇ ಆಗಿದ್ದರೂ ಬರೀ ಮೌನಕ್ಕೆ ಹೊಣೆಯಿಲ್ಲ ಎಂದು ತೀರ್ಪಾಯಿತು. ಪ್ರತಿ ಮಾರುವವನೂ ಪ್ರತಿ ದೋಷಕ್ಕೂ ಹೊಣೆಯಾದರೆ, ಗುಣ ಬಚ್ಚಿಟ್ಟ ಕೊಳ್ಳುವವನೂ ಹೊಣೆಯಾಗಬೇಕಾದೀತು, ಕಾನೂನು ಇನ್ನೂ ಅಷ್ಟು ಎತ್ತರಕ್ಕೆ ಏರಿಲ್ಲ ಎಂಬುದು ನ್ಯಾಯಮೂರ್ತಿಗಳ ಧಾಟಿ.

ನಲವತ್ತು ವರ್ಷಗಳಲ್ಲಿ ಗಾಳಿ ತಿರುಗಿತು. 1985ರಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಮನೆಗೆ ಬೆಲೆ 3,10,000 ಡಾಲರ್, ವಯಸ್ಸು ಮೂರೇ ವರ್ಷ. ಕಿಟಕಿ ಮೂಲೆಯ ಗಾರೆ ಉಬ್ಬಿ ಸಿಪ್ಪೆ ಎದ್ದದ್ದನ್ನೂ ಮೇಲ್ಚಾವಣಿಯ ಕಲೆಗಳನ್ನೂ ಕಂಡು ಕೊಳ್ಳುವಾಕೆ ವಿಚಾರಿಸಿದಳು. ಕಿಟಕಿಯ ತೊಂದರೆ ಚಿಕ್ಕದು, ಎಂದೋ ಸರಿಯಾಯಿತು. ಕಲೆಗಳು ಗೋಡೆಕಾಗದದ ಅಂಟಿನವು ಎಂಬ ಉತ್ತರ ಬಂತು. ಮುಂಗಡದ ಇನ್ನೊಂದು ಕಂತು ಕೊಟ್ಟು ಕೆಲವು ದಿನಗಳಾಗಿರಬೇಕು, ಜೋರು ಮಳೆ ಬಂತು. ಕಿಟಕಿಯ ಸುತ್ತಿನಿಂದ, ದೀಪದ ಜಾಗಗಳಿಂದ, ಅಡುಗೆ ಒಲೆಯ ಮೇಲಿನಿಂದ ನೀರು ಸುರಿಯಿತು. ಮನೆಯ ಬೆಲೆಯ ಮೇಲೆ ಪರಿಣಾಮ ಬೀರುವ, ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷ ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು ಎಂಬ ನಿಯಮ ಆ ತೀರ್ಪಿನಿಂದ ಆ ರಾಜ್ಯದಲ್ಲಿ ನೆಲೆಯೂರಿತು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನಾಯಾಕ್ ಊರಿನ ಮನೆಯೊಂದರ ಒಡತಿ ಅಲ್ಲಿ ದೆವ್ವಗಳಿವೆ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡು, ಹೊರಗಿನಿಂದ ಬಂದ ಖರೀದಿದಾರನಿಗೆ ಮಾತ್ರ ಹೇಳದೆ ಹೋಗಿದ್ದಳು. ಒಪ್ಪಂದ ಬಿಡಿಸಿಕೊಳ್ಳಲು ಅವನಿಗೆ ನ್ಯಾಯಾಲಯ ಅವಕಾಶ ಕೊಟ್ಟಿತು. ಎಷ್ಟು ಎಚ್ಚರದಿಂದ ತಪಾಸಣೆ ಮಾಡಿದರೂ ಸಿಗದ ಸಂಗತಿಗೆ ಕೊಳ್ಳುವವನ ಎಚ್ಚರವನ್ನು ಹೊಣೆ ಮಾಡಲಾಗದು ಎಂಬುದು ಅದರ ತಿರುಳು. ದೆವ್ವಗಳ ಸಮೇತ ಒಪ್ಪಿಸಿದರೆ ಮನೆ ಖಾಲಿ ಮಾಡಿ ಕೊಟ್ಟಂತಾಗುವುದೇ ಎಂದು ತೀರ್ಪು ಕುಟುಕಿತು ಕೂಡ.

ಭಾರತದಲ್ಲಿ ಎರಡು ಕಾಯಿದೆಗಳು ಎರಡು ದಾರ್ಶನಿಕರಂತೆ ಅಕ್ಕಪಕ್ಕ ಕುಳಿತಿವೆ. 1872ರ ಕರಾರು ಕಾಯಿದೆಯ 17ನೇ ಕಲಂ ಬರೀ ಮೌನವನ್ನು ಸಾಮಾನ್ಯವಾಗಿ ವಂಚನೆಯೆಂದು ಎಣಿಸುವುದಿಲ್ಲ. ಅಲ್ಲಿನ ಉದಾಹರಣೆಯೂ ಹರಾಜಿನಲ್ಲಿ ಮಾರಿದ ಅಸ್ವಸ್ಥ ಕುದುರೆಯದೇ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಮಾತ್ರ ಮನೆ-ಜಮೀನುಗಳ ವಿಷಯದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಧಾರಣ ಎಚ್ಚರದಿಂದ ಅವನು ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ಬೇರೆ ಕರಾರು ಇಲ್ಲದಿದ್ದಾಗ ಎಂಬ ಮಾತೂ ಆ ಕಲಮಿನಲ್ಲಿದೆ, ಷರತ್ತು ನುಸುಳುವುದು ಆ ಸಂದಿಯಲ್ಲಿ. ಕನ್ನಡ ದಿನಪತ್ರಿಕೆಗಳಲ್ಲಿ ಬರುವ ಬ್ಯಾಂಕ್ ಹರಾಜು ಪ್ರಕಟಣೆಗಳು ಆಸ್ತಿ ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಎಂದು ಮುಂಚೆಯೇ ಹೇಳಿಬಿಡುತ್ತವೆ. ಬ್ಯಾಂಕಿನ ಬಾಯಲ್ಲಿ ಈ ಷರತ್ತು ಬಹುಮಟ್ಟಿಗೆ ಪ್ರಾಮಾಣಿಕವೇ. ಬ್ಯಾಂಕು ಆ ಮನೆಯಲ್ಲಿ ಮಲಗಿಲ್ಲ, ಮಳೆಗಾಲದಲ್ಲಿ ಬಕೆಟ್ ಇಟ್ಟಿಲ್ಲ. ಇಪ್ಪತ್ತು ವರ್ಷ ಬಾಳಿದವರು ಅದೇ ಷರತ್ತು ಬರೆದರೆ ಅಕ್ಷರ ಅದೇ, ಅರ್ಥ ಬೇರೆ.

ಇಷ್ಟೂ ಮಾತು ಮಾರುವವನ ಮೇಲೆ. ನಗದು ವ್ಯವಹಾರದಲ್ಲಿ ಹೆಚ್ಚು ತಿಳಿದವನು ಎಷ್ಟೋ ಸಲ ಕೊಳ್ಳುವವನು. ಆತ ನೂರಾರು ಹಾಳುಮನೆಗಳನ್ನು ಕಂಡಿರುತ್ತಾನೆ. ಬಡಾವಣೆಯ ಬೆಲೆ, ದುರಸ್ತಿಯ ನಿಜವಾದ ಖರ್ಚು, ಪಕ್ಕದ ರಸ್ತೆಗೆ ಬರಲಿರುವ ಯೋಜನೆ ಎಲ್ಲವೂ ಅವನಿಗೆ ಗೊತ್ತು. ಎದುರಿಗಿರುವವರು ಜೀವನದಲ್ಲಿ ಒಂದೇ ಸಲ ಮನೆ ಮಾರುತ್ತಿರುವ ವಿಧವೆಯೋ, ಸಾಲಗಾರರ ಗಡುವಿಗೆ ಸಿಕ್ಕವರೋ. ಹೇಳುವ ಹೊಣೆ ತಿಳಿವಳಿಕೆಯ ಅಂತರದಿಂದ ಹುಟ್ಟುವುದಾದರೆ, ಇಲ್ಲಿ ಅದು ಕೊಳ್ಳುವವನ ಹೆಗಲಿಗೇ ಬರಬೇಕು. ಹಳಬರು ಇದನ್ನೂ ಬಿಟ್ಟಿಲ್ಲ. ಕ್ವಿಂಟಸ್ ಸ್ಕೀವೊಲ ಎಂಬ ರೋಮನ್ ಒಂದು ಜಮೀನಿಗೆ ಒಂದೇ ಮಾತಿನ ಬೆಲೆ ಕೇಳಿ, ಹೇಳಿದ ಬೆಲೆ ಕಡಿಮೆಯಾಯಿತು ಎಂದು ತಾನೇ 1,00,000 ಸೆಸ್ಟರ್ಸ್ ಸೇರಿಸಿ ಕೊಟ್ಟನೆಂದು ಸಿಸೆರೊ ಹೇಳುತ್ತಾನೆ. ಒಳ್ಳೆಯವನ ಕೆಲಸ ಎಂದರು ಜನ, ಜಾಣನ ಕೆಲಸ ಎನ್ನಲಿಲ್ಲ. ಸಂತೆಗೆ ಬರುವ ಸರಕನ್ನು ದಾರಿಯಲ್ಲೇ ತಡೆದು ಕೊಳ್ಳುವುದನ್ನು ಪ್ರವಾದಿಯವರು ನಿಷೇಧಿಸಿದರು. ಹಾಗೆ ಮಾರಿದವನು ಸಂತೆ ಮುಟ್ಟಿ ಧಾರಣೆ ತಿಳಿದ ಮೇಲೆ ವ್ಯಾಪಾರವನ್ನು ಮುರಿಯಬಹುದು. ಮನೆ ಪೇಟೆಗೆ ಇಳಿಯುವ ಮೊದಲೇ ಬಾಗಿಲು ಬಡಿಯುವ ಖರೀದಿದಾರನಿಗೆ ಇದು ನೇರವಾಗಿ ತಗಲುವ ನಿಯಮ. 55ನೇ ಕಲಮೂ ಮಾರುವವನ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಯ ಬಗ್ಗೆ ಕೊಳ್ಳುವವನಿಗೆ ಮಾತ್ರ ಗೊತ್ತಿರುವ, ಅದರ ಬೆಲೆ ಹೆಚ್ಚಿಸುವ ಸಂಗತಿಯನ್ನು ಅವನು ಹೇಳಬೇಕೆನ್ನುತ್ತದೆ. ಕಾನೂನಿನಲ್ಲಿ ಈ ಹೊಣೆ ಕಿರಿದು. ಪೇಟೆ ಧಾರಣೆಯವರೆಗೆ ಅದು ಚಾಚುವುದಿಲ್ಲ.

ಬೆಲೆಯ ಇಳಿಕೆಯೆಲ್ಲ ಶೋಷಣೆಯಲ್ಲ ಎಂಬುದನ್ನೂ ಹೇಳಬೇಕು. ಗೋಡೆ ಒಡೆದ ಮೇಲೆ ಏನು ಸಿಗುವುದೋ ಎಂಬ ಭಯ, ಕಟ್ಟಿಹಾಕಿದ ಹಣ, ತಿಂಗಳುಗಳ ಕೆಲಸ ಇವಕ್ಕೆಲ್ಲ ಬೆಲೆಯಿದೆ. ಅಕ್ವಿನಾಸನದೇ ಅಳತೆಗೋಲು ಇಲ್ಲೂ ಸಲ್ಲುತ್ತದೆ: ವ್ಯಾಪಾರದಿಂದ ತನಗಾಗುವ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು, ಎದುರಿನವನ ಗರಜನ್ನು ಸೇರಿಸಬಾರದು, ಏಕೆಂದರೆ ಆ ಗರಜು ತನ್ನ ಸ್ವತ್ತಲ್ಲ. ಅವನು ಹೇಳಿದ್ದು ಮಾರುವವನಿಗೆ. ತಿರುಗಿಸಿ ಕೊಳ್ಳುವವನಿಗೆ ಅನ್ವಯಿಸಲು ಅಡ್ಡಿಯಿಲ್ಲ. ದುರಸ್ತಿಗೆ, ಅಪಾಯಕ್ಕೆ, ಶ್ರಮಕ್ಕೆ ಕಡಿದದ್ದು ನ್ಯಾಯ. ನಾಳಿದ್ದು ಮನೆ ಜಪ್ತಿಯಾಗುತ್ತದೆ ಎಂದು ತಿಳಿದು ಮತ್ತೆ ಕಡಿದದ್ದು ನ್ಯಾಯವಲ್ಲ.

ಕೊನೆಗೆ ಉಳಿಯುವವರು ಮೂರನೆಯವರು. ನಗದು ಖರೀದಿದಾರ ಸಾಮಾನ್ಯವಾಗಿ ಆ ಮನೆಯಲ್ಲಿ ವಾಸಿಸುವುದಿಲ್ಲ. ತೇಪೆ ಹಾಕಿ, ಬಣ್ಣ ಹೊಡೆಸಿ, ಹೊಸ ಟೈಲ್ಸ್ ಹಾಕಿಸಿ ಕೆಲವೇ ತಿಂಗಳಲ್ಲಿ ಮತ್ತೊಂದು ಕುಟುಂಬಕ್ಕೆ ಮಾರುತ್ತಾನೆ. ಮೊದಲ ಮಾಲೀಕ ಅವನಿಗೆ ಎಲ್ಲವನ್ನೂ ಹೇಳಿದ್ದರೂ ಆ ಕುಟುಂಬಕ್ಕೆ ಏನೂ ತಲುಪದಿರಬಹುದು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಯೆಹೂದ್ಯರ ಧರ್ಮಶಾಸ್ತ್ರ ಮಿಶ್ನಾ ಈ ಸರಪಳಿಯನ್ನು ಮುಂಚೆಯೇ ಕಂಡಿತ್ತು. ದ್ರಾಕ್ಷಾರಸಕ್ಕೆ ನೀರು ಬೆರೆತಿದ್ದರೆ, ಅಂಗಡಿಯಲ್ಲಿ ಗಿರಾಕಿಗೆ ಹೇಳಿ ಮಾರಬಹುದು. ವ್ಯಾಪಾರಿಗೆ ಮಾತ್ರ ಹೇಳಿದರೂ ಮಾರಬಾರದು, ಏಕೆಂದರೆ ಅವನು ಕೊಳ್ಳುವುದೇ ಮುಂದಿನವರನ್ನು ವಂಚಿಸಲು. ನೀರು ಬೆರೆಸುವುದೇ ರೂಢಿಯಾದ ಊರುಗಳಿಗೆ ವಿನಾಯಿತಿಯುಂಟು, ಅಲ್ಲಿ ಯಾರೂ ಮೋಸ ಹೋಗುವುದಿಲ್ಲವಲ್ಲ. ಹನ್ನೆರಡನೆಯ ಶತಮಾನದ ಯೆಹೂದ್ಯ ಶಾಸ್ತ್ರಜ್ಞ ಮೈಮೊನಿಡಿಸ್ ಸರಕಿನ ದೋಷ ಗೊತ್ತಿರುವವನು ಕೊಳ್ಳುವವನಿಗೆ ತಿಳಿಸಲೇಬೇಕೆಂದು ನಿಯಮವನ್ನು ಬಿಗಿಗೊಳಿಸಿದ.

ಮಿಶ್ನಾದ ಮಾತನ್ನು ಅಕ್ಷರಶಃ ಹಿಡಿದರೆ ಹಾಳುಮನೆಯನ್ನು ದುರಸ್ತಿಗಾರನಿಗೆ ಮಾರುವುದೇ ನಿಂತುಹೋದೀತು. ಅಷ್ಟು ಬೇಕಿಲ್ಲ, ನಿಜವಾಗಿ ಸರಿಪಡಿಸಿ ಮಾರುವವರೂ ಇದ್ದಾರೆ. ದೋಷಗಳನ್ನು ಹೆಸರು ಹಿಡಿದು ಬರೆದು ಕ್ರಯದ ಕಾಗದಗಳಿಗೆ ಲಗತ್ತಿಸುವುದು ಮೊದಲ ಮಾಲೀಕನಿಂದ ಆಗುವ ಕೆಲಸ. ಆಗ ಎರಡನೆಯವನು ತನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ 1992ರ ಕಾಯಿದೆಯಡಿ, 1978ಕ್ಕಿಂತ ಹಿಂದೆ ಕಟ್ಟಿದ ಮನೆಯ ಸೀಸದ ಬಣ್ಣದ ವಿಷಯದಲ್ಲಿ ಇಂಥ ಲಿಖಿತ ತಿಳಿವಳಿಕೆ ಕಡ್ಡಾಯ. ಇದ್ದ ಹಾಗೆಯೇ ಮಾರಿದರೂ ಅದು ತಪ್ಪುವುದಿಲ್ಲ. ದುರಸ್ತಿಗೆಂದು ನೆಲ ಅಗೆದು ಗೆದ್ದಲನ್ನು ತಾನೇ ಕಂಡ ಎರಡನೆಯವನು ಆ ಗಳಿಗೆಯಿಂದ ತಿಳಿದವನ ಸ್ಥಾನಕ್ಕೆ ಬಂದ. ತಾನು ಕೊಂಡದ್ದು ಇದ್ದ ಹಾಗೆಯೇ ಎಂಬ ಕಾಗದ ಅವನನ್ನು ಮೂರನೆಯವರ ಮುಂದೆ ಕಾಯುವುದಿಲ್ಲ.